ಕೃತಿಚೌರ್ಯ ಮತ್ತು ಅನಿಹ್ನವಾಚಾರ: ಯು.ಜಿ.ಸಿ. ನಿಯಮಾವಳಿಯ ಒಂದು ವಿಮರ್ಶೆ

ಶ್ರಾವಕನ ಐದು ಅಣುವ್ರತಗಳಲ್ಲಿ ಅಚೌರ್ಯವು ಮೂರನೆಯದು. ಕೊಡದೆ ಇದ್ದುದನ್ನು ತೆಗೆದುಕೊಳ್ಳಬಾರದು ಎಂಬುದು ಅದರ ತಿರುಳು. ತಲೆಮಾರುಗಳಿಂದ ವ್ಯಾಪಾರವನ್ನೇ ವೃತ್ತಿಯಾಗಿ ನಡೆಸಿಕೊಂಡು ಬಂದಿರುವ ನಮ್ಮ ಸಮಾಜದಲ್ಲಿ ಈ ವ್ರತದ ಮಾತು ಬಂದಾಗಲೆಲ್ಲ ತಕ್ಕಡಿ, ತೂಕದ ಕಲ್ಲು, ಕಿರ್ದಿ, ಖಾತೆಗಳೇ ಕಣ್ಣ ಮುಂದೆ ಬಂದು ನಿಲ್ಲುತ್ತವೆ. ಅದು ಸಹಜವೇ. ಆದರೆ ಇಂದು ಆಲಮೇಲ, ಸಿಂದಗಿ, ಇಂಡಿಯಂತಹ ಊರುಗಳ ನಮ್ಮ ಮಕ್ಕಳು ಅಂಗಡಿಯ ಗಾದಿಯನ್ನು ಬಿಟ್ಟು ವಿಜಯಪುರ, ಕಲಬುರಗಿ, ಧಾರವಾಡ, ಬೆಂಗಳೂರುಗಳ ಕಾಲೇಜು ಮತ್ತು ವಿಶ್ವವಿದ್ಯಾಲಯಗಳನ್ನು ಸೇರುತ್ತಿದ್ದಾರೆ. ಅವರು ಗಳಿಸುವ ಸಂಪತ್ತು ಧಾನ್ಯವಲ್ಲ, ವಿದ್ಯೆ. ಆದುದರಿಂದ ಅಚೌರ್ಯವ್ರತವನ್ನು ವಿದ್ಯೆಯ ಕ್ಷೇತ್ರದಲ್ಲಿ ಹೇಗೆ ತಿಳಿಯಬೇಕೆಂಬ ಪ್ರಶ್ನೆ ಪಂಡಿತರಿಗೆ ಮಾತ್ರ ಸಂಬಂಧಿಸಿದುದಾಗಿ ಉಳಿದಿಲ್ಲ. ಅದು ನಮ್ಮ ಮನೆಯ ಪ್ರಶ್ನೆಯೂ, ವಿದ್ಯಾರ್ಥಿವೇತನ ಕೊಡುವ ನಮ್ಮ ಬಸದಿಗಳ ಟ್ರಸ್ಟುಗಳ ಪ್ರಶ್ನೆಯೂ ಆಗಿದೆ.

ಇನ್ನೊಬ್ಬರ ಬರಹವನ್ನೋ ವಿಚಾರವನ್ನೋ ತನ್ನದೆಂದು ತೋರಿಸಿ ಪದವಿ, ಹುದ್ದೆ, ಕೀರ್ತಿಗಳನ್ನು ಪಡೆಯುವುದಕ್ಕೆ ಕೃತಿಚೌರ್ಯವೆಂದು ಹೆಸರು. ಇದನ್ನು ತಡೆಯಲೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು, ಎಂದರೆ ಯು.ಜಿ.ಸಿ.ಯು, 2018ರ ಜುಲೈ ತಿಂಗಳಲ್ಲಿ ಇಡೀ ದೇಶದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಅನ್ವಯಿಸುವ ಒಂದು ನಿಯಮಾವಳಿಯನ್ನು ಹೊರಡಿಸಿತು. ವಿದ್ಯಾಕ್ಷೇತ್ರದ ಪ್ರಾಮಾಣಿಕತೆಯನ್ನು ಬೆಳೆಸುವುದು, ಕೃತಿಚೌರ್ಯವನ್ನು ತಡೆಯುವುದು ಎಂಬ ಎರಡು ಉದ್ದೇಶಗಳನ್ನು ಅದು ತನ್ನ ಹೆಸರಿನಲ್ಲಿಯೇ ಹೇಳಿಕೊಂಡಿದೆ. ಈ ನಿಯಮಾವಳಿಯನ್ನು ನಮ್ಮ ಆಗಮಗಳು ಹೇಳುವ ಆಚಾರದ ಬೆಳಕಿನಲ್ಲಿ ಪರಿಶೀಲಿಸಿ, ಅದರಲ್ಲಿ ಗ್ರಾಹ್ಯವಾದುದು ಯಾವುದು, ಕೊರತೆಯಾದುದು ಯಾವುದು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶವಾಗಿದೆ.

ಮೊದಲು ನಿಯಮಾವಳಿಯ ಸ್ವರೂಪವನ್ನು ತಿಳಿಯೋಣ. ಸಂಶೋಧನಾರ್ಥಿಯು ಸಲ್ಲಿಸುವ ಪ್ರಬಂಧವನ್ನು ಗಣಕಯಂತ್ರದ ಮೂಲಕ ಈಗಾಗಲೇ ಇರುವ ಬರಹಗಳೊಡನೆ ಹೋಲಿಸಿ ನೋಡಬೇಕು. ಉದ್ಧರಣ ಚಿಹ್ನೆಯೊಡನೆ ಮೂಲವನ್ನು ಹೇಳಿ ಕೊಟ್ಟ ಭಾಗ, ಗ್ರಂಥಸೂಚಿ, ಮುನ್ನುಡಿ, ಸಾಮಾನ್ಯ ಪರಿಭಾಷೆ ಇವುಗಳನ್ನು ಲೆಕ್ಕದಿಂದ ಬಿಡಬೇಕು. ಉಳಿದುದರಲ್ಲಿ ಹೋಲಿಕೆಯು ಶೇಕಡಾ 10ರವರೆಗೆ ಇದ್ದರೆ ಅದು ಅಲ್ಪ ಹೋಲಿಕೆ, ದಂಡವಿಲ್ಲ. 10ಕ್ಕಿಂತ ಮೇಲೆ 40ರವರೆಗೆ ಇದ್ದರೆ ಆರು ತಿಂಗಳ ಒಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. 40ಕ್ಕಿಂತ ಮೇಲೆ 60ರವರೆಗೆ ಇದ್ದರೆ ಒಂದು ವರ್ಷದ ಕಾಲ ತಿದ್ದಿದ ಪ್ರತಿಯನ್ನು ಸಲ್ಲಿಸುವಂತಿಲ್ಲ. 60ನ್ನು ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ದೂರುಗಳನ್ನು ವಿಚಾರಿಸಲು ವಿಭಾಗದ ಮಟ್ಟದಲ್ಲಿ ಒಂದು, ಸಂಸ್ಥೆಯ ಮಟ್ಟದಲ್ಲಿ ಒಂದು, ಹೀಗೆ ಎರಡು ಸಮಿತಿಗಳಿರಬೇಕು. ಪ್ರಬಂಧವು ತನ್ನ ಸ್ವಂತದ್ದೆಂದು ವಿದ್ಯಾರ್ಥಿಯು ಬರೆದುಕೊಡಬೇಕು. ಅದರಲ್ಲಿ ಕೃತಿಚೌರ್ಯವಿಲ್ಲವೆಂದು ಮಾರ್ಗದರ್ಶಕರು ಪ್ರಮಾಣಪತ್ರ ಕೊಡಬೇಕು. ಈ ಹೋಲಿಕೆಯ ಕೆಲಸಕ್ಕೆ ಬೇಕಾದ ಸಾಧನವನ್ನು ವಿಶ್ವವಿದ್ಯಾಲಯಗಳಿಗೆ ಒದಗಿಸುವ ‘ಶೋಧಶುದ್ಧಿ’ ಎಂಬ ಯೋಜನೆಯು 2019ರಲ್ಲಿ ಆರಂಭವಾಯಿತು.

ಇದರಲ್ಲಿ ಮೆಚ್ಚತಕ್ಕ ಅಂಶಗಳು ಇಲ್ಲದಿಲ್ಲ. ಇದಕ್ಕಿಂತ ಹಿಂದೆ ಕೃತಿಚೌರ್ಯದ ದೂರು ಬಂದಾಗ ಯಾರು ವಿಚಾರಿಸಬೇಕು, ಯಾವ ಅಪರಾಧಕ್ಕೆ ಯಾವ ದಂಡ ಎಂಬುದಕ್ಕೆ ದೇಶಕ್ಕೆಲ್ಲ ಒಂದೇ ಆದ ಕ್ರಮ ಇರಲಿಲ್ಲ. 2002ರಲ್ಲಿ ಕುಮಾವೂ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಭೌತವಿಜ್ಞಾನಿ ಬಿ. ಎಸ್. ರಾಜಪೂತ್ ಅವರ ಹೆಸರಿದ್ದ ಪ್ರಬಂಧವೊಂದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿ ರೆನಾಟಾ ಕಲೋಶ್ ಅವರ ಪ್ರಬಂಧದ ನಕಲೆಂದು ತಿಳಿದುಬಂದಾಗ, ಆ ವಿಶ್ವವಿದ್ಯಾಲಯದ ವಿಜ್ಞಾನಿಗಳು ನಮ್ಮ ರಾಷ್ಟ್ರಪತಿಗಳಿಗೇ ಪತ್ರ ಬರೆಯಬೇಕಾಯಿತು. 2003ರಲ್ಲಿ ಕುಲಪತಿಗಳು ರಾಜೀನಾಮೆ ಕೊಟ್ಟರು. ಒಂದು ಪ್ರಬಂಧದ ದೂರು ರಾಷ್ಟ್ರಪತಿ ಭವನದವರೆಗೆ ಹೋಗಬೇಕಾದುದು ಕೆಳಗಿನ ವ್ಯವಸ್ಥೆಯ ಬಡತನಕ್ಕೆ ಸಾಕ್ಷಿ. ಆ ಬಡತನವನ್ನು 2018ರ ನಿಯಮಾವಳಿಯು ಕಾಗದದ ಮೇಲಾದರೂ ನೀಗಿಸಿತು. ಅದಲ್ಲದೆ ಪ್ರಾಮಾಣಿಕ ಬರವಣಿಗೆಯ ಕ್ರಮವನ್ನು ವಿದ್ಯಾರ್ಥಿಗಳಿಗೆ ಕಲಿಸಬೇಕು, ಅದಕ್ಕಾಗಿ ತರಬೇತಿಗಳನ್ನು ನಡೆಸಬೇಕು ಎಂದೂ ಅದು ವಿಧಿಸಿದೆ. ಅದರ ಅತ್ಯುತ್ತಮ ಭಾಗವು ಇದೇ; ಅತಿ ಕಡಿಮೆ ಜನರು ಓದಿರುವ ಭಾಗವೂ ಇದೇ.

ಇನ್ನು ಕೊರತೆಯ ವಿಚಾರ. ನಿಯಮಾವಳಿಯು ಅಪರಾಧವನ್ನು ತೂಗಲು ಹಿಡಿದ ತಕ್ಕಡಿಯೇ ದೋಷಯುಕ್ತವಾಗಿದೆ. ಮುನ್ನೂರು ಪುಟದ ಪ್ರಬಂಧದಲ್ಲಿ ಶೇಕಡಾ 10 ಎಂದರೆ 30 ಪುಟಗಳಾದವು. ಮೂಲವನ್ನು ಹೇಳದ ಮೂವತ್ತು ಪುಟಗಳ ಹೋಲಿಕೆಗೆ ದಂಡವಿಲ್ಲ! ಅವಲೋಕನ, ಫಲಿತಾಂಶ, ತೀರ್ಮಾನಗಳು ಸ್ವಂತದ್ದಾಗಿರಬೇಕು, ಅಲ್ಲಿ ಹೋಲಿಕೆ ಇರಕೂಡದು ಎಂದು ನಿಯಮಾವಳಿಯು ಇನ್ನೊಂದು ಕಡೆ ಹೇಳುತ್ತದೆ, ನಿಜ. ಆದರೆ ದಂಡದ ಪಟ್ಟಿಯು ಕಳುವಾದುದು ಎಷ್ಟು ಎಂದು ಕೇಳುತ್ತದೆಯೇ ಹೊರತು ಏನು ಕಳುವಾಯಿತು, ಹೇಗೆ ಬಚ್ಚಿಡಲಾಯಿತು ಎಂದು ಕೇಳುವುದಿಲ್ಲ. ಅಂಗಡಿಯ ದಾಸ್ತಾನನ್ನು ಪರಿಶೀಲಿಸಲು ಬಂದ ಲೆಕ್ಕಪರಿಶೋಧಕನು, ನೂರು ಚೀಲಗಳಲ್ಲಿ ಹತ್ತು ಚೀಲಗಳಿಗೆ ಖರೀದಿಯ ಚೀಟಿ ಇಲ್ಲದಿದ್ದರೂ ಅಡ್ಡಿಯಿಲ್ಲ ಎಂದು ಸಹಿ ಹಾಕಿದರೆ ಅವನನ್ನು ನಾವು ಏನೆನ್ನುತ್ತೇವೆ? ಹತ್ತು ಚೀಲಗಳು ಕೈತಪ್ಪಿನಿಂದ ನಮೂದಾಗದೆ ಉಳಿದಿರಬಹುದು, ಕದ್ದು ತಂದುವೂ ಆಗಿರಬಹುದು. ಎಣಿಕೆಯಿಂದ ಅದು ತಿಳಿಯುವುದಿಲ್ಲ, ವಿಚಾರಣೆಯಿಂದ ತಿಳಿಯುತ್ತದೆ.

ಇಲ್ಲಿ ಒಂದು ಮೂಲಭೂತವಾದ ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ವಿದ್ಯೆಯು ಧಾನ್ಯದಂತಲ್ಲ, ತೆಗೆದುಕೊಂಡರೆ ಕಡಿಮೆಯಾಗುವುದಿಲ್ಲ. ಒಬ್ಬನ ವಾಕ್ಯವನ್ನು ಇನ್ನೊಬ್ಬನು ಬಳಸಿದರೆ ಮೊದಲಿನವನ ಪುಸ್ತಕದಿಂದ ಆ ವಾಕ್ಯವೇನೂ ಮಾಯವಾಗುವುದಿಲ್ಲ. ಅಷ್ಟೇ ಅಲ್ಲ, ಶಾಸ್ತ್ರದಾನವು ಚತುರ್ವಿಧ ದಾನಗಳಲ್ಲಿ ಒಂದು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. 993ರ ರನ್ನನ ಅಜಿತಪುರಾಣವು ಹುಟ್ಟಿದುದೂ ಆ ಮಹಾತಾಯಿಯ ಆಶ್ರಯದಲ್ಲಿಯೇ. ಸಾವಿರ ಬಾರಿ ನಕಲು ಮಾಡಿಸಿದವಳನ್ನು ನಾವು ಸಾವಿರ ವರ್ಷಗಳಿಂದ ಕೊಂಡಾಡುತ್ತಿದ್ದೇವೆ. ಹಾಗಾದರೆ ಇಂದಿನ ವಿದ್ಯಾರ್ಥಿಯು ಒಂದು ಬಾರಿ ನಕಲು ಮಾಡಿದರೆ ಅದು ಪಾಪ ಹೇಗಾಯಿತು?

ಉತ್ತರವು ಆ ಪ್ರತಿಗಳಲ್ಲಿಯೇ ಇದೆ. ಅತ್ತಿಮಬ್ಬೆಯು ಹಂಚಿದ ಸಾವಿರ ಪ್ರತಿಗಳೂ ಪೊನ್ನನ ಹೆಸರಿನಲ್ಲಿಯೇ ಹೋದವು. ಪ್ರತಿ ಮಾಡುವುದು ದೋಷವಲ್ಲ, ಹೆಸರನ್ನು ಅಡಗಿಸುವುದು ದೋಷ. ಈ ದೋಷಕ್ಕೆ ನಮ್ಮ ಪರಂಪರೆಯಲ್ಲಿ ಒಂದು ಪ್ರತ್ಯೇಕವಾದ ಹೆಸರಿದೆ: ನಿಹ್ನವ. ಮೂಲಾಚಾರದಲ್ಲಿ ಹೇಳಿರುವ ಜ್ಞಾನಾಚಾರದ ಎಂಟು ಅಂಗಗಳನ್ನು ಓದುಗರು ನೆನೆಯಬೇಕು. ಕಾಲ, ವಿನಯ, ಉಪಧಾನ, ಬಹುಮಾನ, ಅನಿಹ್ನವ, ವ್ಯಂಜನ, ಅರ್ಥ, ತದುಭಯ ಎಂಬವೇ ಅವು. ಇವುಗಳಲ್ಲಿ ಐದನೆಯದಾದ ಅನಿಹ್ನವ ಎಂದರೆ ತಾನು ಯಾವ ಗುರುವಿನಿಂದ ಕಲಿತನೋ, ಯಾವ ಶಾಸ್ತ್ರದಿಂದ ತಿಳಿದನೋ ಅದನ್ನು ಮುಚ್ಚಿಡದೆ ಹೇಳುವುದು. ಮುಂದಿನ ಮೂರನ್ನೂ ಗಮನಿಸಿರಿ. ವ್ಯಂಜನವೆಂದರೆ ಅಕ್ಷರಗಳನ್ನು ಇದ್ದಂತೆ ಉಳಿಸುವುದು, ಅರ್ಥವೆಂದರೆ ಅಭಿಪ್ರಾಯವನ್ನು ತಿರುಚದಿರುವುದು, ತದುಭಯವೆಂದರೆ ಎರಡನ್ನೂ ಕೂಡಿ ಪಾಲಿಸುವುದು. ಇಂದಿನ ವಿಶ್ವವಿದ್ಯಾಲಯಗಳು ಉದ್ಧರಣೆಯ ಶಿಸ್ತು ಎಂದು ಯಾವುದನ್ನು ಕರೆಯುತ್ತವೆಯೋ ಅದೆಲ್ಲವೂ ಈ ನಾಲ್ಕು ಶಬ್ದಗಳಲ್ಲಿ ಅಡಕವಾಗಿದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣವಾದವುಗಳಲ್ಲಿ ನಿಹ್ನವವನ್ನೂ ಎಣಿಸಿದೆ. ತನ್ನಲ್ಲಿರುವ ಜ್ಞಾನವನ್ನು ಇಲ್ಲವೆಂದು ಮರೆಮಾಚುವುದೂ ನಿಹ್ನವ. ಜ್ಞಾನವು ಬಂದ ಮೂಲವನ್ನು ಮರೆಮಾಚುವುದೂ ನಿಹ್ನವ. ವಿದ್ಯೆಯ ಮೂಲವನ್ನು ಮುಚ್ಚಿದವನಿಗೆ ವಿದ್ಯೆಯೇ ಮುಚ್ಚಿಹೋಗುತ್ತದೆ ಎಂಬ ಮಾತಿನಲ್ಲಿ ಕರ್ಮಸಿದ್ಧಾಂತವೂ ಇದೆ, ಲೋಕಾನುಭವವೂ ಇದೆ. ನಕಲು ಮಾಡಿ ಪದವಿ ಪಡೆದವನು ತನಗೆ ತಿಳಿಯದುದನ್ನು ತಿಳಿದವನಂತೆ ಜೀವನವಿಡೀ ನಟಿಸಬೇಕಾಗುತ್ತದೆ. ಇನ್ನು ಮೇಲೆ ಯಾರನ್ನಾದರೂ ಕೇಳಿ ಕಲಿಯುವ ದಾರಿಯನ್ನೂ ಅವನು ತಾನೇ ಮುಚ್ಚಿಕೊಂಡಂತಾಯಿತು.

ನಮ್ಮ ಕವಿಗಳು, ಶಾಸ್ತ್ರಕಾರರು ಇದನ್ನು ಆಚರಿಸಿ ತೋರಿಸಿದ್ದಾರೆ. 941ರಲ್ಲಿ ಪಂಪನು ರಚಿಸಿದ ಆದಿಪುರಾಣಕ್ಕೆ ಜಿನಸೇನಾಚಾರ್ಯರ ಮಹಾಪುರಾಣವು ಆಧಾರ. ಪುರಾಣದ ಕಥೆಯು ಪರಂಪರೆಯಿಂದ ಬಂದುದೆಂಬುದನ್ನು ಯಾವ ಜೈನಕವಿಯೂ ಬಚ್ಚಿಡಲಿಲ್ಲ. ಕಾವ್ಯಾರಂಭದಲ್ಲಿ ಪೂರ್ವಾಚಾರ್ಯರನ್ನು ಸ್ಮರಿಸುವುದು ಒಂದು ಪದ್ಧತಿಯೇ ಆಯಿತು. ಮುಧೋಳದ ರನ್ನನು ತಾನು ಬಳೆಗಾರರ ಕುಲದವನೆಂಬುದನ್ನೂ ಅಜಿತಸೇನಾಚಾರ್ಯರು ತನ್ನ ಗುರುಗಳೆಂಬುದನ್ನೂ ತೆರೆದ ಮನಸ್ಸಿನಿಂದ ಹೇಳಿಕೊಂಡನು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣವನ್ನು ಬರೆಯುವಾಗ ತನ್ನ ವ್ಯಾಕರಣಕ್ಕೆ ಲಕ್ಷ್ಯವಾದ ಕವಿಗಳ ಹೆಸರುಗಳನ್ನು ಗ್ರಂಥದ ಆದಿಯಲ್ಲಿಯೇ ಕೊಟ್ಟಿದ್ದಾನೆ. ಅಸಗನಂತಹ ಕವಿಯ ಕನ್ನಡ ಕೃತಿ ಇಂದು ನಮಗೆ ದೊರೆಯದಿದ್ದರೂ ಅಂತಹವನು ಪ್ರಮಾಣಕವಿಯಾಗಿದ್ದನೆಂಬುದಕ್ಕೆ ಕೇಶಿರಾಜನ ಆ ಪಟ್ಟಿಯೂ ಒಂದು ಸಾಕ್ಷಿ. ಮೂಲವನ್ನು ಹೇಳುವುದು ವೈಯಕ್ತಿಕ ಪ್ರಾಮಾಣಿಕತೆಯಷ್ಟೇ ಅಲ್ಲ. ಮುಂದಿನವರಿಗೆ ಬಿಟ್ಟುಹೋಗುವ ದಾರಿಯ ಗುರುತೂ ಹೌದು.

ಇನ್ನೊಂದು ಕಠಿಣವಾದ ಉದಾಹರಣೆಯನ್ನು ನೋಡಬೇಕು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ಓಲೆಗಳಲ್ಲಿ ಉಳಿದುಬಂದ ಧವಲಾದಿ ಸಿದ್ಧಾಂತ ಗ್ರಂಥಗಳಿಗೆ ಬಹುಕಾಲ ದರ್ಶನ ಮಾತ್ರ ಇತ್ತು, ಅಧ್ಯಯನವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಅಲ್ಲಿಯೇ ಉಳಿಯತಕ್ಕುದೆಂಬ ಒಪ್ಪಂದದ ಮೇಲೆ ಪ್ರತಿ ಮಾಡುವ ಕಾರ್ಯ ಆರಂಭವಾಯಿತು. ಆದರೆ ಒಂದು ಪ್ರತಿಯು ಗುಟ್ಟಾಗಿ ಹೊರಬಿದ್ದು ಉತ್ತರದ ಸಹಾರನಪುರವನ್ನು ಸೇರಿತು; ಅದರಿಂದ ಬೇರೆ ಪ್ರತಿಗಳಾದವು. ಅವುಗಳ ಆಧಾರದಿಂದಲೇ ಪ್ರೊ. ಹೀರಾಲಾಲ್ ಜೈನ್ ಅವರು 1939ರಲ್ಲಿ ಧವಲೆಯ ಮೊದಲ ಸಂಪುಟವನ್ನು ಪ್ರಕಟಿಸಿದರು. ಮುಂದೆ ಅದು 16 ಸಂಪುಟಗಳಾಗಿ ಪೂರ್ಣಗೊಂಡಿತು. ಒಪ್ಪಂದವನ್ನು ಮೀರಿ ಪ್ರತಿ ಸಾಗಿಸಿದುದು ಅದತ್ತಾದಾನವೇ ಸರಿ. ಫಲವು ಒಳ್ಳೆಯದಾಯಿತೆಂದು ಕ್ರಿಯೆಯು ಶುದ್ಧವಾಗುವುದಿಲ್ಲ. ಆದರೆ ಸಂಪಾದಕರು ಮಾಡಿದುದೇನು? ಪ್ರತಿಗಳು ಹೇಗೆ, ಯಾರ ಕೈಯಿಂದ, ಎಲ್ಲಿಗೆ ಬಂದವು ಎಂಬ ಇತಿಹಾಸವನ್ನು ಪ್ರಸ್ತಾವನೆಯಲ್ಲಿ ಮುಚ್ಚುಮರೆಯಿಲ್ಲದೆ ದಾಖಲಿಸಿದರು. ಮುಂದೆ ಮೂಡಬಿದಿರೆಯವರೂ ಉದಾರ ಮನಸ್ಸಿನಿಂದ ಮೂಲ ಓಲೆಗಳೊಡನೆ ಪಾಠಗಳನ್ನು ತಾಳೆ ನೋಡಲು ಅವಕಾಶ ಕೊಟ್ಟರು. ಚೌರ್ಯವು ಒಂದು ದೋಷ, ನಿಹ್ನವವು ಇನ್ನೊಂದು ದೋಷ. ಮೊದಲನೆಯದು ಆಗಿಹೋಗಿದ್ದಲ್ಲಿಯೂ ಎರಡನೆಯದನ್ನು ಸೇರಿಸದೆ ಇರುವುದು ವಿದ್ವಾಂಸನ ಕೈಯಲ್ಲಿದೆ ಎಂಬ ಪಾಠವು ಇಲ್ಲಿ ಸ್ಪಷ್ಟವಾಗುತ್ತದೆ.

ಈಗ ನಿಯಮಾವಳಿಗೆ ಮರಳೋಣ. ಅದು ಪದಗಳ ಹೋಲಿಕೆಯನ್ನು ಅಳೆಯುತ್ತದೆ, ಮೂಲವನ್ನು ಮರೆಮಾಚಿದುದನ್ನು ಅಳೆಯುವುದಿಲ್ಲ. ಇದರ ಪರಿಣಾಮವನ್ನು ಕನ್ನಡದ ಸಂದರ್ಭದಲ್ಲಿ ನೋಡಿರಿ. ಸಂಶೋಧನಾರ್ಥಿಯೊಬ್ಬನು ಡಾ. ಆ. ನೇ. ಉಪಾಧ್ಯೆಯವರು 1935ರ ತಮ್ಮ ಪ್ರವಚನಸಾರದ ಆವೃತ್ತಿಗೆ ಇಂಗ್ಲಿಷಿನಲ್ಲಿ ಬರೆದ ಪ್ರಸ್ತಾವನೆಯ ವಿಚಾರಗಳನ್ನು ಕನ್ನಡಕ್ಕೆ ಇಳಿಸಿ ತನ್ನದೆಂದು ಬರೆದನೆಂದು ಇಟ್ಟುಕೊಳ್ಳೋಣ. ಪದಕ್ಕೆ ಪದವನ್ನು ಹೋಲಿಸುವ ಯಂತ್ರಕ್ಕೆ ಅದು ಹೊಸ ಬರಹವಾಗಿಯೇ ಕಾಣುತ್ತದೆ. ಐವತ್ತು ವರ್ಷಗಳ ಹಿಂದೆ ಅಚ್ಚಾಗಿ ಗಣಕಯಂತ್ರದ ಭಂಡಾರವನ್ನು ಸೇರದ ಕನ್ನಡ ಪುಸ್ತಕದಿಂದ ಪುಟಗಟ್ಟಲೆ ಎತ್ತಿಕೊಂಡರೂ ಅಷ್ಟೇ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಕನ್ನಡವನ್ನು ಯಂತ್ರವು ಕನ್ನಡವೆಂದೇ ಗುರುತಿಸಲಾರದು. ಇನ್ನೊಂದು ಕಡೆ, ಕುಂದಕುಂದಾಚಾರ್ಯರ ಗಾಥೆಗಳನ್ನು ಭಕ್ತಿಯಿಂದ ಸಂಗ್ರಹಿಸಿ, ಪ್ರತಿಯೊಂದರ ಮೂಲವನ್ನು ಹೇಳಿಯೂ ಉದ್ಧರಣ ಚಿಹ್ನೆಯನ್ನು ಹಾಕುವ ಕ್ರಮವನ್ನು ಯಾರೂ ಕಲಿಸದೆ ಇದ್ದ ಹಳ್ಳಿಯ ವಿದ್ಯಾರ್ಥಿಯ ಪ್ರಬಂಧದಲ್ಲಿ ಶೇಕಡಾವಾರು ಏರುತ್ತದೆ. ಕದ್ದವನು ಸೊನ್ನೆಯೊಡನೆ ಪಾರಾಗುವನು, ಕದಿಯದವನು ಸಮಿತಿಯ ಮುಂದೆ ಕೈಕಟ್ಟಿ ನಿಲ್ಲುವನು. ತಕ್ಕಡಿಯು ತೂಗಬೇಕಾದುದನ್ನು ತೂಗದೆ ಬೇರೆ ಏನನ್ನೋ ತೂಗುತ್ತಿದೆ ಎಂದು ಹೇಳಿದುದು ಇದೇ ಕಾರಣದಿಂದ.

2022ರ ನವೆಂಬರದಲ್ಲಿ ಚಾಟ್‌ಜಿಪಿಟಿ ಎಂಬ ಸಾಧನವು ಬಂದ ಮೇಲಂತೂ ಈ ದೋಷವು ಹಗಲಿನಷ್ಟು ಸ್ಪಷ್ಟವಾಗಿದೆ. ಕೃತಕ ಬುದ್ಧಿಮತ್ತೆಯಿಂದ ಬರೆಯಿಸಿದ ಪ್ರಬಂಧದಲ್ಲಿ ಹೋಲಿಕೆಯೇ ಇಲ್ಲದಿರಬಹುದು. ಪ್ರತಿ ವಾಕ್ಯವೂ ಹೊಸದು. ಆದರೆ ಒಂದು ವಾಕ್ಯವೂ ವಿದ್ಯಾರ್ಥಿಯದಲ್ಲ. ಹೋಲಿಕೆಯ ನಿಯಮಕ್ಕೆ ಇಲ್ಲಿ ಅಪರಾಧವೇ ಕಾಣುವುದಿಲ್ಲ. ಅನಿಹ್ನವದ ನಿಯಮಕ್ಕೆ ಕ್ಷಣಮಾತ್ರದಲ್ಲಿ ಕಾಣುತ್ತದೆ. ಇದು ಎಲ್ಲಿಂದ ಬಂತು, ಹೇಳು, ಎಂದು ಕೇಳಿದರೆ ಸಾಕು. ಸಾಧನವನ್ನು ಬಳಸಿದೆನೆಂದು ಹೇಳಿದವನು ನಿಹ್ನವದಿಂದ ಪಾರಾದನು. ಅವನ ಕೆಲಸದ ಬೆಲೆಯನ್ನು ಬೇರೆಯಾಗಿ ಕಟ್ಟಬಹುದು. ಮುಚ್ಚಿಟ್ಟವನು ಮಾತ್ರ ದೋಷಿ. ಹೊಸ ಯಂತ್ರಕ್ಕೆ ಹೊಸ ನೀತಿ ಬೇಕಾಗಿಲ್ಲ. ಹಳೆಯ ನೀತಿಯನ್ನು ಸರಿಯಾಗಿ ತಿಳಿದರೆ ಸಾಕು.

ನಿಯಮಾವಳಿಯ ಎರಡನೆಯ ಕೊರತೆಯು ದೋಷವನ್ನು ಒಬ್ಬನ ತಲೆಗೇ ಕಟ್ಟುವುದು. ನಮ್ಮ ಆಚಾರ್ಯರು ಅಚೌರ್ಯವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವು ಕಳ್ಳನನ್ನು ಮಾತ್ರವಲ್ಲ, ಕಳ್ಳತನದ ಸುತ್ತ ನಡೆಯುವ ಇಡೀ ಪೇಟೆಯನ್ನೇ ಹಿಡಿಯುತ್ತವೆ. ಕಳ್ಳನನ್ನು ಪ್ರೇರೇಪಿಸುವುದು ಸ್ತೇನಪ್ರಯೋಗ. ಕದ್ದ ಮಾಲನ್ನು ಕೊಳ್ಳುವುದು ತದಾಹೃತಾದಾನ. ರಾಜ್ಯದ ನಿಯಮವನ್ನು ಮೀರುವುದು ವಿರುದ್ಧರಾಜ್ಯಾತಿಕ್ರಮ. ಕೊಳ್ಳಲು ಒಂದು, ಕೊಡಲು ಒಂದು ಅಳತೆ ಇಡುವುದು ಹೀನಾಧಿಕಮಾನೋನ್ಮಾನ. ಅಸಲಿಯಂತೆ ಕಾಣುವ ನಕಲಿಯನ್ನು ಸಾಗಿಸುವುದು ಪ್ರತಿರೂಪಕ ವ್ಯವಹಾರ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಕೊನೆಯದಕ್ಕೆ ಸದೃಶಸನ್ಮಿಶ್ರವೆಂಬ ಹೆಸರಿದೆ. ಒಂದನ್ನು ಹೋಲುವ ಇನ್ನೊಂದನ್ನು ಬೆರೆಸುವುದು ಎಂದು ಅದರ ಅರ್ಥ.

ಈ ಐದನ್ನೂ ಉನ್ನತ ಶಿಕ್ಷಣಕ್ಕೆ ಹಚ್ಚಿ ನೋಡೋಣ. 2010ರಲ್ಲಿ ಯು.ಜಿ.ಸಿ.ಯು ಅಧ್ಯಾಪಕರ ನೇಮಕಾತಿ ಮತ್ತು ಬಡ್ತಿಗೆ ಅಂಕಗಳ ಪದ್ಧತಿಯನ್ನು ತಂದಿತು. ಎಷ್ಟು ಪ್ರಬಂಧಗಳೋ ಅಷ್ಟು ಅಂಕಗಳು. 2016ರ ನಿಯಮಾವಳಿಯು ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮೊದಲೇ ಒಂದು ಲೇಖನವನ್ನು ಪ್ರಕಟಿಸಬೇಕು, ಎರಡು ಸಮ್ಮೇಳನಗಳಲ್ಲಿ ಪ್ರಬಂಧ ಮಂಡಿಸಬೇಕು ಎಂದು ಕಡ್ಡಾಯ ಮಾಡಿತು. ಬೇಡಿಕೆಯು ಹೆಚ್ಚಿದಲ್ಲಿ ನಕಲಿ ಮಾಲು ಬರುವುದು ಪೇಟೆಯ ಧರ್ಮ. ಹಣ ತೆಗೆದುಕೊಂಡು ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳು ದೇಶದ ತುಂಬ ಹುಟ್ಟಿಕೊಂಡವು. ಅವುಗಳಿಗೆ ತಡೆಯಾಗಿ ಮಾನ್ಯ ಪತ್ರಿಕೆಗಳ ಪಟ್ಟಿಯೊಂದನ್ನು 2019ರಲ್ಲಿ ಪ್ರಕಟಿಸಲಾಯಿತು. 2025ರಲ್ಲಿ ಅದನ್ನೂ ಕೈಬಿಡಲಾಯಿತು. ಸಲ್ಲಿಕೆಗೆ ಮೊದಲಿನ ಕಡ್ಡಾಯ ಪ್ರಕಟಣೆಯನ್ನು 2022ರ ನಿಯಮಾವಳಿಯು ತೆಗೆದುಹಾಕಿತು. ಇದು ಸ್ವಾಗತಾರ್ಹ. ಆದರೆ ನಡುವಿನ ವರ್ಷಗಳಲ್ಲಿ ಸಂಖ್ಯೆಯನ್ನು ಕೇಳಿ ಕೇಳಿ ನಕಲನ್ನು ಪ್ರೇರೇಪಿಸಿದ ವ್ಯವಸ್ಥೆಯು ಸ್ತೇನಪ್ರಯೋಗದ ದೋಷಕ್ಕೆ ಹೊರತಾಗಲಾರದು. ಪ್ರಬಂಧವನ್ನು ಬರೆದುಕೊಡುವ ಅಂಗಡಿಗೆ ಹಣ ಕಟ್ಟುವ ತಂದೆತಾಯಿಗಳೂ ಹೊರತಲ್ಲ. ಓದದೆ ಸಹಿ ಮಾಡುವ ಮಾರ್ಗದರ್ಶಕರು, ಕೇಳದೆ ಅಂಕ ಕೊಡುವ ಪರೀಕ್ಷಕರು ತದಾಹೃತಾದಾನವನ್ನು ಮಾಡುತ್ತಾರೆ. ದುಡಿಯದವರ ಹೆಸರನ್ನು ಲೇಖಕರ ಸಾಲಿನಲ್ಲಿ ಸೇರಿಸುವುದು, ಒಂದು ಲೇಖನವನ್ನು ಮೂರಾಗಿ ಹರಿದು ಮೂರು ಅಂಕ ಪಡೆಯುವುದು ಇವು ಸುಳ್ಳು ಅಳತೆಗಳು. ಪದಗಳನ್ನು ಬದಲಿಸಿ ವಿಚಾರವನ್ನು ಉಳಿಸಿಕೊಳ್ಳುವುದು ಸದೃಶಸನ್ಮಿಶ್ರವಲ್ಲದೆ ಮತ್ತೇನು?

ದಂಡದಲ್ಲಿಯೂ ಎರಡು ಅಳತೆಗಳಿವೆ. ಹೋಲಿಕೆಯು ಶೇಕಡಾ 60ನ್ನು ಮೀರಿದರೆ ವಿದ್ಯಾರ್ಥಿಯ ನೋಂದಣಿಯೇ ಹೋಗುತ್ತದೆ. ಅದೇ ಪ್ರಮಾಣದ ದೋಷವು ಅಧ್ಯಾಪಕರ ಪ್ರಕಟಣೆಯಲ್ಲಿ ಮೊದಲ ಬಾರಿ ಕಂಡುಬಂದರೆ ಲೇಖನವನ್ನು ಹಿಂತೆಗೆದುಕೊಳ್ಳಬೇಕು, ಎರಡು ವರ್ಷಗಳ ವೇತನಬಡ್ತಿ ಇಲ್ಲ, ಮೂರು ವರ್ಷ ಹೊಸ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವಂತಿಲ್ಲ, ಅಷ್ಟೇ. ಅಪರಾಧವು ಮರುಕಳಿಸಿದರೆ ಮಾತ್ರ ಅಮಾನತು, ವಜಾಗಳ ಮಾತು. ನಮ್ಮಲ್ಲಿ ಕ್ರಮವು ಇದಕ್ಕೆ ವಿರುದ್ಧವಾದುದು. ಅಣುವ್ರತಿಗಿಂತ ಮಹಾವ್ರತಿಗೆ ನಿಯಮವು ಕಠಿಣ, ಶಿಷ್ಯನಿಗಿಂತ ಗುರುವಿಗೆ ಹೊಣೆಯು ಹೆಚ್ಚು.

ಹೊಣೆಯ ಈ ಪ್ರಶ್ನೆಗೆ ನಮ್ಮ ರಾಜ್ಯದ ಒಂದು ಪ್ರಸಂಗವು ನಿದರ್ಶನವಾಗಿದೆ. 2011ರಲ್ಲಿ ‘ಅಡ್ವಾನ್ಸ್‌ಡ್ ಮೆಟೀರಿಯಲ್ಸ್’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬೆಂಗಳೂರಿನ ಪ್ರೊ. ಸಿ. ಎನ್. ಆರ್. ರಾವ್, ಪ್ರೊ. ಎಸ್. ಬಿ. ಕೃಪಾನಿಧಿ ಹಾಗೂ ಸಹಲೇಖಕರ ಹೆಸರಿನಲ್ಲಿ ಪ್ರಕಟವಾದ ಪ್ರಬಂಧದಲ್ಲಿ, 2010ರ ಬೇರೊಂದು ಪ್ರಬಂಧದ ಕೆಲವು ವಾಕ್ಯಗಳು ಮೂಲವನ್ನು ಹೇಳದೆ ಸೇರಿದ್ದವು. ಲೇಖಕರು ಪತ್ರಿಕೆಯ ಮೂಲಕವೇ ಕ್ಷಮೆ ಕೇಳಿದರು. ಪ್ರಬಂಧದ ಫಲಿತಾಂಶಗಳು ಸ್ವಂತದ್ದಾಗಿದ್ದವು, ಅದನ್ನು ಹಿಂತೆಗೆಯಲಿಲ್ಲ. ಆ ವಾಕ್ಯಗಳನ್ನು ಬರೆದವನು ಸಂಶೋಧನಾ ವಿದ್ಯಾರ್ಥಿಯೆಂದೂ, ಇದು ಕೆಲವು ವಾಕ್ಯಗಳ ನಕಲೇ ಹೊರತು ಕೃತಿಚೌರ್ಯವೆನ್ನಲಾಗದೆಂದೂ ಹಿರಿಯರ ಕಡೆಯಿಂದ ಪತ್ರಿಕೆಗಳಲ್ಲಿ ಸಮಾಧಾನ ಬಂದಿತು. ಶೇಕಡಾ ಲೆಕ್ಕದಲ್ಲಿ ನೋಡಿದರೆ ಅದು ಅಲ್ಪವೇ. ಕ್ಷಮೆ ಕೇಳಿದುದು ಗೌರವದ ಕಾರ್ಯ. ಮುಂದೆ ಭಾರತರತ್ನವನ್ನು ಪಡೆದ ಆ ವಿಜ್ಞಾನಿಯ ಜೀವಮಾನದ ಸಾಧನೆಗೆ ಇದರಿಂದ ಕುಂದಿಲ್ಲ. ಆದರೆ ಬರೆದವನು ವಿದ್ಯಾರ್ಥಿ ಎಂಬ ಸಮಾಧಾನವನ್ನು ಮಾತ್ರ ನಮ್ಮ ಶಾಸ್ತ್ರವು ಒಪ್ಪಲಾರದು. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಗಳಲ್ಲಿಯೂ ಕರ್ಮಕ್ಕೆ ಹೊಣೆಯಿದೆ. ಪ್ರಬಂಧದ ಮೇಲಿನ ಹೆಸರು ಅನುಮೋದನೆಯೇ. ಕೀರ್ತಿ ಬಂದಾಗ ಸಹಿಯು ನನ್ನದು, ದೋಷ ಬಂದಾಗ ವಾಕ್ಯವು ಅವನದು ಎಂಬ ಪಾಲುಗಾರಿಕೆಯನ್ನು ಯಾವ ಪೇಟೆಯ ಕರಾರುಪತ್ರವೂ ಒಪ್ಪುವುದಿಲ್ಲ.

ವಿದ್ಯೆಯಲ್ಲಿ ಪ್ರಾಮಾಣಿಕತೆಯನ್ನು ಕಲಿಯಲು ನಾವು ದೂರ ಹೋಗಬೇಕಾಗಿಯೂ ಇಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಡಾ. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಮನೆ ಮನೆ ತಿರುಗಿ ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು; ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದರು. ಸಿಂದಗಿ ತಾಲ್ಲೂಕಿನಲ್ಲಿಯೇ ಹುಟ್ಟಿದ ಡಾ. ಎಂ. ಎಂ. ಕಲಬುರ್ಗಿಯವರು ಕವಿರಾಜಮಾರ್ಗದ ಪರಿಸರದ ಸಾಹಿತ್ಯವನ್ನು ಸಂಶೋಧಿಸಿ, ಶಾಸನದ ಆಧಾರವಿಲ್ಲದೆ ಮುಂದಡಿ ಇಡದ ಪದ್ಧತಿಯನ್ನು ತಮ್ಮ ‘ಮಾರ್ಗ’ ಸಂಪುಟಗಳಲ್ಲಿ ತೋರಿಸಿದರು. ಬೆಳಗಾವಿ ಜಿಲ್ಲೆಯ ಸದಲಗಾದ ಉಪಾಧ್ಯೆಯವರು ಒಂದು ಗ್ರಂಥವನ್ನು ಸಂಪಾದಿಸಿದರೆ ಯಾವ ಹಸ್ತಪ್ರತಿ, ಎಲ್ಲಿಯದು, ಅದರ ಸ್ಥಿತಿ ಏನು ಎಂಬುದನ್ನು ಮೊದಲು ಹೇಳಿಯೇ ಮುಂದುವರಿದರು. ಇವರು ಯಾರೂ ಶೇಕಡಾವಾರಿಗೆ ಹೆದರಿ ಪ್ರಾಮಾಣಿಕರಾದವರಲ್ಲ.

ಈಗ ನಮ್ಮ ಕರ್ತವ್ಯದ ಮಾತು. ಸರಕಾರದ ನಿಯಮವನ್ನು ತಿದ್ದುವ ಅಧಿಕಾರ ನಮಗಿಲ್ಲ. ಆದರೆ ನಮ್ಮ ಟ್ರಸ್ಟುಗಳ ಹಣದ ಮೇಲೆ ಅಧಿಕಾರವಿದೆ. ಮೊದಲನೆಯದಾಗಿ, ಉನ್ನತ ಶಿಕ್ಷಣಕ್ಕೆ ವಿದ್ಯಾರ್ಥಿವೇತನ ಪಡೆದವರು ತಮ್ಮ ಪ್ರಬಂಧದ ಸಾರವನ್ನು ಸಮಾಜದ ನಾಲ್ಕು ಜನ ಹಿರಿಯರ ಮುಂದೆ ಬಾಯಿಮಾತಿನಲ್ಲಿ ಹೇಳಲಿ. ಯಾರಿಂದ ಏನನ್ನು ಪಡೆದೆ, ನಿನ್ನದು ಎಷ್ಟು ಎಂಬ ಎರಡು ಪ್ರಶ್ನೆಗಳನ್ನು ಅಲ್ಲಿ ಕೇಳಲಿ. ಈ ಪ್ರಶ್ನೆಗಳಿಗೆ ಯಂತ್ರ ಬೇಕಿಲ್ಲ, ಪಂಡಿತರೂ ಬೇಕಿಲ್ಲ. ಖಾತೆಯನ್ನು ಓದಬಲ್ಲ ಯಾವ ವ್ಯಾಪಾರಿಯೂ ಕೇಳಬಲ್ಲನು. ಸಾಲವಾಗಿ ತಂದುದನ್ನು ಸಾಲದ ಖಾತೆಯಲ್ಲಿ ಕೊಟ್ಟವರ ಹೆಸರಿನೊಡನೆ ಬರೆದವನ ವ್ಯಾಪಾರಕ್ಕೆ ಮಾನಹಾನಿಯಿಲ್ಲ. ಸಾಲವನ್ನೇ ಸ್ವಂತ ಬಂಡವಾಳವೆಂದು ತೋರಿಸಿದವನ ಅಂಗಡಿಯೇ ಒಂದು ದಿನ ಬಾಗಿಲು ಹಾಕುತ್ತದೆ.

ಎರಡನೆಯದಾಗಿ, ನಮ್ಮ ಸ್ವಂತ ಪ್ರಕಟಣೆಗಳನ್ನು ಪರಿಶೀಲಿಸೋಣ. ಪಂಚಕಲ್ಯಾಣದ ಸ್ಮರಣಸಂಚಿಕೆ, ಕ್ಷೇತ್ರದ ಇತಿಹಾಸ, ಪೂಜಾಸಂಗ್ರಹ, ಪ್ರವಚನದ ಪುಸ್ತಿಕೆ ಇವುಗಳನ್ನು ನಾವು ಪ್ರತಿವರ್ಷವೂ ಅಚ್ಚುಹಾಕಿಸುತ್ತೇವೆ. ಶಾಸನಪಾಠವು ಎಪಿಗ್ರಾಫಿಯಾ ಕರ್ನಾಟಿಕಾದಿಂದ ಬಂದಿದ್ದರೆ ಆ ಮಾತು ಅಲ್ಲಿರಬೇಕು. ಅನುವಾದಿಸಿದ ಪಂಡಿತನ ಹೆಸರು, ಛಾಯಾಚಿತ್ರ ತೆಗೆದವರ ಹೆಸರು ಅಲ್ಲಿರಬೇಕು. ದಾನಿಗಳ ಹೆಸರನ್ನು ದಪ್ಪಕ್ಷರದಲ್ಲಿ ಮುದ್ರಿಸಿ ಬರೆದವನ ಹೆಸರನ್ನು ಬಿಡುವುದು ಯಾವ ವಿಧದ ಶಾಸ್ತ್ರದಾನ? ಧರ್ಮಕಾರ್ಯವಾದುದರಿಂದ ಕೇಳುವವರಿಲ್ಲ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಧರ್ಮಕಾರ್ಯವಾದುದರಿಂದಲೇ ಕೇಳಬೇಕು.

ಮೂರನೆಯದಾಗಿ, ಸಂಖ್ಯೆಗೆ ಸನ್ಮಾನ ಮಾಡುವುದನ್ನು ನಿಲ್ಲಿಸೋಣ. ಎಷ್ಟು ಪುಸ್ತಕ, ಎಷ್ಟು ಪದವಿ ಎಂದು ಎಣಿಸಿ ಶಾಲು ಹೊದಿಸುವ ಸಭೆಗಳು ಯುವಕರನ್ನು ಅಡ್ಡದಾರಿಗೆ ಕರೆಯುತ್ತವೆ. ಮಗನ ಅಥವಾ ಮಗಳ ಹೆಸರಿನ ಹಿಂದೆ ‘ಡಾಕ್ಟರ್’ ಎಂದು ಬರಲಿ ಎಂಬ ಆಸೆಯು ತಪ್ಪಲ್ಲ. ಹೇಗಾದರೂ ಬರಲಿ ಎಂಬ ಆಸೆಯು ತಪ್ಪು. ಹತ್ತು ಪುಟಗಳನ್ನು ಸ್ವಂತವಾಗಿ ಬರೆದು, ತಿಳಿಯದುದನ್ನು ತಿಳಿಯದು ಎಂದು ಒಪ್ಪಿಕೊಂಡ ವಿದ್ಯಾರ್ಥಿಯನ್ನು ಸಭೆಗೆ ಕರೆದು ಗೌರವಿಸುವ ದಿನವು ನಮ್ಮ ಸಮಾಜದಲ್ಲಿ ಬರಬೇಕಾಗಿದೆ. ದಂಡಿಸುವಾಗ ಕರುಣೆಯೂ ಇರಲಿ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗನಿಗೆ ಮೂಲವನ್ನು ಹೇಳುವ ಕ್ರಮವನ್ನು ಯಾರೂ ಕಲಿಸದಿದ್ದರೆ, ಮೊದಲು ಕಲಿಸಬೇಕು, ಆಮೇಲೆ ಪ್ರಶ್ನಿಸಬೇಕು.

2018ರ ನಿಯಮಾವಳಿಯು ಬೇಲಿಯಂತಿದೆ. ಬೇಲಿಯು ಬೇಕು, ಅದರಲ್ಲಿನ ಕಿಂಡಿಗಳನ್ನು ಮುಚ್ಚಲೂ ಬೇಕು. ಆದರೆ ಬೇಲಿಯಿಂದ ಬೆಳೆ ಬರುವುದಿಲ್ಲ. ಬೆಳೆಯು ಬರುವುದು ಮನೆಯಲ್ಲಿ, ಪಾಠಶಾಲೆಯಲ್ಲಿ, ಬಸದಿಯ ಸ್ವಾಧ್ಯಾಯದಲ್ಲಿ. ಶಾಸ್ತ್ರವನ್ನು ಓದಲು ಕುಳಿತಾಗ ಗ್ರಂಥಕರ್ತರನ್ನೂ ಗುರುಪರಂಪರೆಯನ್ನೂ ಮೊದಲು ಸ್ಮರಿಸುವ ರೂಢಿಯು ನಮ್ಮಲ್ಲಿ ಇಂದಿಗೂ ಉಳಿದಿದೆ. ಆ ಸ್ಮರಣೆಯು ಮಂಗಲಾಚರಣೆಯ ಅಂಗವೆಂದು ಮಾತ್ರ ತಿಳಿಯದೆ, ಅದೇ ವಿದ್ಯೆಯ ಅಚೌರ್ಯವೆಂದು ಮಕ್ಕಳಿಗೆ ತಿಳಿಸಿಕೊಟ್ಟರೆ, ಅವರು ಯಾವ ವಿಶ್ವವಿದ್ಯಾಲಯಕ್ಕೆ ಹೋದರೂ ಯಾವ ಯಂತ್ರದ ಎದುರು ನಿಂತರೂ ತಲೆತಗ್ಗಿಸಬೇಕಾದ ಪ್ರಸಂಗವು ಬರಲಾರದು.